ಪರದೆಯ ಚಷ್ಮಾ ಬಂದರೆ ಖಡೇಬಜಾರದ ಅಂಗಡಿ ಏನಾದೀತು?

ಪ್ರಶ್ನೆ: ಸರ್, ನಮಸ್ಕಾರ್ರಿ. ಬೆಳಗಾವಿ ಖಡೇಬಜಾರದಾಗ ನಮ್ಮ ಅಪ್ಪಾರ ಕಾಲದಿಂದ ಚಷ್ಮಾದ ಅಂಗಡಿ ಐತ್ರಿ. ಮಗ ಬೆಂಗಳೂರಾಗ ಓದಾಕತ್ತಾನ. ಕಣ್ಣಿನ ಮುಂದ ಪರದೆ ಇರೋ ಚಷ್ಮಾ, ಹೆಡ್‌ಸೆಟ್ಟಿನ ಮಾರ್ಕೆಟ್ಟು ವರ್ಷಾವರ್ಷ ಭಾಳ ಬೆಳೀತೈತಿ ಅಂತ ಒಂದು ವರದಿ ತೋರಿಸಿದ. ಎಂಟು ಲಕ್ಷ ಸಾಲ ತಗದು ಅಂಗಡಿ ಮ್ಯಾಲಿನ ಖೋಲಿಯೊಳಗ ವಿಆರ್ ಗೇಮ್ ಪಾರ್ಲರ್ ಮಾಡೋಣು, ಬರೀ ಚಷ್ಮಾ ನೆಚ್ಚಿಕೊಂಡ್ರ ಮುಂದ ನಡಿಯೂದಿಲ್ಲ ಅಂತಾನ. ಏನ್ ಮಾಡ್ಲಿ?

ಉತ್ತರ: ಸಾಲ ಬೇಡ್ರಿ. ಆದರೆ ಮಗನ ಮಾತು ಪೂರ್ತಿ ತಳ್ಳಿಹಾಕುವಂಥದ್ದೂ ಅಲ್ಲ.

ಇಂಥ ವರದಿ ಕೈಗೆ ಬಂದಾಗ ಯಾವ್ಯಾವ ಸರಕನ್ನು ಒಂದೇ ಚೀಲಕ್ಕೆ ತುಂಬಿದ್ದಾರೆ ಅಂತ ಮೊದಲು ನೋಡಿ. ಮುಖ ಮುಚ್ಚಿ ಬೇರೆಯದೇ ಲೋಕ ತೋರಿಸುವ ಹೆಡ್‌ಸೆಟ್ಟು (ವಿಆರ್) ಬೇರೆ, ಆಚೆಗೂ ಕಾಣುತ್ತಾ ಮೂಲೆಯಲ್ಲಿ ಅಕ್ಷರ ತೋರಿಸುವ ಚಷ್ಮಾ ಬೇರೆ, ಪರದೆಯೇ ಇಲ್ಲದ ‘ಸ್ಮಾರ್ಟ್’ ಚಷ್ಮಾ ಮತ್ತೂ ಬೇರೆ. ಮೂರನ್ನೂ ಕೂಡಿಸಿ ಒಂದೇ ಶೇಕಡಾವಾರು ಬರೆದರೆ ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಹೋದ ವರ್ಷ ಹತ್ತು ಮಾರಿ ಈ ವರ್ಷ ಹದಿನೈದು ಮಾರಿದರೂ ಕಾಗದದ ಮೇಲೆ ಶೇ. 50ರ ಬೆಳವಣಿಗೆಯೇ.

ಬಿಡಿಬಿಡಿಯಾಗಿ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಮೈಕ್ರೋಸಾಫ್ಟ್ 2024ರಲ್ಲಿ ಆಚೆಗೂ ಕಾಣುವ ತನ್ನ ಹೆಡ್‌ಸೆಟ್ಟು ಹೋಲೋಲೆನ್ಸ್ 2ರ ತಯಾರಿಕೆ ನಿಲ್ಲಿಸಿತು. ಅದೇ ವರ್ಷ ಫೆಬ್ರುವರಿಯಲ್ಲಿ ಬಂದ ಆಪಲ್ ವಿಷನ್ ಪ್ರೋ ಹೆಡ್‌ಸೆಟ್ಟಿನ ಬೆಲೆ 3,499 ಡಾಲರ್. ಫೇಸ್‌ಬುಕ್ಕಿನ ಒಡೆಯ ಮೆಟಾ ಕಂಪನಿಯಲ್ಲಿ ಈ ಕೆಲಸಕ್ಕೆಂದೇ ಇರುವ ವಿಭಾಗ 2024ರಲ್ಲಿ ಸುಮಾರು 1,770 ಕೋಟಿ ಡಾಲರ್ ನಷ್ಟ ತೋರಿಸಿತು. ಇತ್ತ ರೇ-ಬ್ಯಾನ್ ಮೆಟಾ ಚಷ್ಮಾ 2023ರ ಅಕ್ಟೋಬರಿನಿಂದ 2025ರ ಆರಂಭದ ಹೊತ್ತಿಗೆ 20 ಲಕ್ಷ ಮಾರಾಟವಾಯಿತು. 2025ರ ಮೇ ತಿಂಗಳಲ್ಲಿ 29,900 ರೂಪಾಯಿಯಿಂದ ಶುರುವಾಗಿ ನಮ್ಮ ದೇಶಕ್ಕೂ ಬಂತು. ಅದರಲ್ಲಿ ಕ್ಯಾಮೆರಾ, ಸ್ಪೀಕರ್, ಮೈಕು ಇವೆ, ಪರದೆ ಇಲ್ಲ. ಜನ ಕೊಂಡದ್ದು ದಿನವಿಡೀ ಮೂಗಿನ ಮೇಲೆ ಕೂರುವ ಐವತ್ತು ಗ್ರಾಮಿನ ಸಾಮಾನನ್ನು. ಹೆಚ್ಚಿನ ಹೆಡ್‌ಸೆಟ್ಟುಗಳು ಅರ್ಧ ಕಿಲೋ ದಾಟುತ್ತವೆ.

ಪರದೆ ಸೇರಿಸಿದ ಕೂಡಲೇ ಭಾರ, ಬೆಲೆ ಎರಡೂ ಏಕೆ ಏರುತ್ತವೆ ಅಂತ ನಿಮಗೆ ಹೇಳುವುದು ಸುಲಭ, ನೀವು ಗಾಜಿನವರು. ಹೆಡ್‌ಸೆಟ್ಟಿನ ಪರದೆ ಕಣ್ಣಿಗೆ ಐದಾರು ಸೆಂಟಿಮೀಟರ್ ಹತ್ತಿರವಿರುತ್ತದೆ. ಅಷ್ಟು ಹತ್ತಿರದ್ದನ್ನು ಕಣ್ಣು ಆರಾಮಾಗಿ ಹಿಡಿಯದು. ಅದಕ್ಕೆ ನಡುವೆ ಸುಮಾರು 4 ಸೆಂಟಿಮೀಟರ್ ಫೋಕಸ್ಸಿನ ಗಾಜು ಇಡುತ್ತಾರೆ. ನಿಮ್ಮ ಲೆಕ್ಕದಲ್ಲಿ ಪ್ಲಸ್ 25 ನಂಬರು! ಚಿತ್ರ ಒಂದೆರಡು ಮೀಟರ್ ಆಚೆ ನಿಂತಂತೆ ಕಾಣುತ್ತದೆ. ಈ ದಪ್ಪ ಇಳಿಸಲು ಬೆಳಕನ್ನು ಅರೆಗನ್ನಡಿಯ ನಡುವೆ ಮಡಚಿ ತರುವ ಪ್ಯಾನ್‌ಕೇಕ್ ಗಾಜು ಬಂತು. ಅರೆಗನ್ನಡಿಯನ್ನು ಒಮ್ಮೆ ದಾಟಿ ಒಮ್ಮೆ ಅದಕ್ಕೇ ಬಡಿದು ಬರುವಷ್ಟರಲ್ಲಿ ನೂರು ಪಾಲು ಬೆಳಕಿನಲ್ಲಿ ಹೆಚ್ಚೆಂದರೆ 25 ಪಾಲು ಉಳಿಯುತ್ತದೆ. ಹಾಗಾಗಿ ಪರದೆ ಇನ್ನೂ ಪ್ರಖರವಾಗಿರಬೇಕು, ಚಿಕ್ಕದೂ ಆಗಿರಬೇಕು. ವಿಷನ್ ಪ್ರೋದಲ್ಲಿ ಸಿಲಿಕಾನ್ ಮೇಲೆ ಮಾಡಿದ ಎರಡು ಮೈಕ್ರೋ ಓಎಲ್‌ಇಡಿ ಪರದೆಗಳಿವೆ. ಎರಡೂ ಸೇರಿ 2.3 ಕೋಟಿ ಚುಕ್ಕಿ (ಪಿಕ್ಸೆಲ್), ಒಂದೊಂದು ಚುಕ್ಕಿಯೂ 7.5 ಮೈಕ್ರಾನ್. ತಲೆಗೂದಲಿನ ಅಗಲದಲ್ಲಿ ಎಂಟೊಂಬತ್ತು ಕೂರುತ್ತವೆ. ದುಡ್ಡು ಹೋಗುವುದು ಅಲ್ಲಿ.

ಆಚೆ ಕಾಣುವ ಚಷ್ಮಾದ ಕಷ್ಟ ಇನ್ನೂ ಹೆಚ್ಚು. ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿ ಕಾಗದ 25 ಸಾವಿರ ನಿಟ್ (ಹೊಳಪಿನ ಅಳತೆ) ಮೀರಿ ಹೊಳೆಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಂದ ಮೆಟಾ ರೇ-ಬ್ಯಾನ್ ಡಿಸ್‌ಪ್ಲೇ ಬಲಗಣ್ಣಿಗೆ ಮಾತ್ರ, ಹೆಚ್ಚೆಂದರೆ 5,000 ನಿಟ್ ಕೊಡುತ್ತದೆ. ಬಿಸಿಲಿಗೆ ಕಪ್ಪಾಗುವ ಗಾಜು ಜೋಡಿಸಿದ್ದು ಅದಕ್ಕೇ. ತೂಕ 69 ಗ್ರಾಮ್, ಬೆಲೆ 799 ಡಾಲರ್.

ಈಗ ನಿಮ್ಮ ಅಂಗಡಿಗೆ ಬರೋಣ. ಆ ಡಿಸ್‌ಪ್ಲೇ ಚಷ್ಮಾವನ್ನು ಮೊದಲಿಗೆ ಆನ್‌ಲೈನಿನಲ್ಲಿ ಮಾರಲಿಲ್ಲ. ಗಿರಾಕಿ ಅಂಗಡಿಗೆ ಬಂದು ಮುಖಕ್ಕೆ ಹಾಕಿ ನೋಡಿ ಅಳತೆ ಕೊಡಬೇಕಿತ್ತು. ಅದರ ಗಾಜಿನ ನಂಬರು ಮೈನಸ್ 4ರಿಂದ ಪ್ಲಸ್ 4ರವರೆಗೆ ಮಾತ್ರ. ವಿಷನ್ ಪ್ರೋ ಒಳಗೆ ನಂಬರಿನವರಿಗೆಂದು ಝೈಸ್ ಕಂಪನಿಯ ಬೇರೆ ಗಾಜು, 149 ಡಾಲರ್. ಕಾರಣ ಗೊತ್ತಲ್ಲ, ಪಿಡಿ, ಅಂದರೆ ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ. ಮಾಮೂಲಿ ಒಂಟಿ ನಂಬರಿನ ಗಾಜಿಗೆ ಪಿಡಿ ಎರಡು ಮಿಲಿಮೀಟರ್ ಆಚೀಚೆಯಾದರೆ ಗಿರಾಕಿ ಹೇಗೋ ಹೊಂದಿಕೊಳ್ಳುತ್ತಾನೆ. ಇಲ್ಲಿ ಚಿತ್ರ ಮಬ್ಬಾಗುತ್ತದೆ, ಅಂಚು ಮಾಯವಾಗುತ್ತದೆ, ತಲೆ ಹಿಡಿದುಕೊಳ್ಳುತ್ತದೆ. ಆಗ ಬೈಸಿಕೊಳ್ಳುವುದು ಪರದೆ, ತಪ್ಪು ಅಳತೆಯದು.

ನಾನೇ ಕಂಡ ಒಂದು ಸಂಗತಿ ಹೇಳುತ್ತೇನೆ. ನಿಮ್ಮೂರ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಹೊಸ ಹುಡುಗರಿಗೆ ಕರಗಿದ ಕಬ್ಬಿಣ ಸುರಿಯುವುದನ್ನು ಹೆಡ್‌ಸೆಟ್ಟಿನಲ್ಲಿ ಕಲಿಸುವ ಪ್ರಯತ್ನ ನಡೆದಿತ್ತು. ಪಾಠ ಚೆನ್ನಾಗಿತ್ತು. ಐವತ್ತು ದಾಟಿದ ಮೇಸ್ತ್ರಿಯೊಬ್ಬರು ತಮ್ಮ ಬೈಫೋಕಲ್ ಮೇಲೆಯೇ ಅದನ್ನು ಒತ್ತಿ ಕೂರಿಸಿಕೊಂಡರು. ಹತ್ತು ನಿಮಿಷದಲ್ಲಿ ಗಾಜಿನ ಒಳಗೆಲ್ಲ ಬೆವರಿನ ಹಬೆ, ಮೂಗಿನ ಮೇಲೆ ಎರಡು ಕೆಂಪು ಗುರುತು. ತೆಗೆದಿಟ್ಟು, “ಸಾಹೇಬ್ರ, ಎಲ್ಲಾ ಎರಡೆರಡು ಕಾಣತಾವ್ರಿ” ಅಂದರು. ಅಲ್ಲಿ ಸಾಫ್ಟ್‌ವೇರಿನವರಿದ್ದರು, ಮಾರುವವರಿದ್ದರು. ಕಣ್ಣಿನ ಅಳತೆ ಬಲ್ಲವರು ಒಬ್ಬರೂ ಇರಲಿಲ್ಲ. ನಿಮ್ಮಂಥವರು ಬೇಕಾಗಿದ್ದದ್ದು ಅಲ್ಲಿ.

ಆದ್ದರಿಂದ ಮೂಗಿನ ನಡುವಿನಿಂದ ಒಂದೊಂದು ಕಣ್ಣಿನ ಪಿಡಿ ಬೇರೆ ಬೇರೆ ಅಳೆಯುವ ಒಳ್ಳೆಯ ಉಪಕರಣಕ್ಕೆ, ಫ್ರೇಮು ಮುಖಕ್ಕೆ ಕೂತ ಮೇಲೆ ಎತ್ತರ, ಓರೆ ನೋಡುವ ಅಭ್ಯಾಸಕ್ಕೆ ಸ್ವಲ್ಪ ಹಣ ಹಾಕಿ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನ ಪ್ರೋಗ್ರೆಸಿವ್ ಚಷ್ಮಾ ಕೊಳ್ಳುವ ಗಿರಾಕಿಗಳಿಗೆ ನಾಳೆಯೇ ಅದರ ಉಪಯೋಗ ಇದೆ, ಪರದೆಯ ಚಷ್ಮಾ ತಡವಾಗಿ ಬಂದರೂ ನಷ್ಟವಿಲ್ಲ. ಪಾರ್ಲರಿನ ಹೆಡ್‌ಸೆಟ್ಟು ಎರಡು-ಮೂರು ವರ್ಷದಲ್ಲಿ ಹಳತಾಗುತ್ತದೆ, ಸಾಲದ ಕಂತು ಅದಕ್ಕಿಂತ ಉದ್ದ.

ಪ್ರಶ್ನೆ: ಸರ್, ನಾನು ಬಾಗಲಕೋಟೆಯಲ್ಲಿ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷ ಓದುತ್ತಿದ್ದೇನೆ. ಈ ಕ್ಷೇತ್ರ ಸೇರಬೇಕೆಂಬ ಆಸೆ. ಊರು ಬಿಡದೆ ಏನಾದರೂ ಮಾಡಬಹುದೇ?

ಉತ್ತರ: ಪರದೆ ತಯಾರಿಸುವ ಕೆಲಸ ಸೋನಿ, ಚೀನಾದ ಬಿಒಇ, ಸ್ಯಾಮ್‌ಸಂಗ್ ಥರದವರ ಕೈಯಲ್ಲಿದೆ ತಂಗಿ. ಅಮೆರಿಕದ ಇಮ್ಯಾಜಿನ್ ಕಂಪನಿಯನ್ನು ಸ್ಯಾಮ್‌ಸಂಗ್ 2023ರಲ್ಲಿ ಕೊಂಡದ್ದೂ ಮೈಕ್ರೋ ಓಎಲ್‌ಇಡಿಗಾಗಿಯೇ. ಅಲ್ಲಿಗೆ ಹೋಗಲು ಆಪ್ಟಿಕ್ಸ್‌ನಲ್ಲಿ ಎಂ.ಟೆಕ್ ಬೇಕು, ಊರೂ ಬಿಡಬೇಕು. ಊರಲ್ಲೇ ಇದ್ದು ಮಾಡುವುದಾದರೆ ಅದರಲ್ಲಿ ತೋರಿಸುವ ಸರಕಿನ ಕಡೆ ನೋಡಿ. ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್, ಇಂಥ ಚಷ್ಮಾದ ಸರಕು ಇವಕ್ಕೆಂದೇ ಇರುವ ರಾಜ್ಯದ 2024-29ರ ಎವಿಜಿಸಿ-ಎಕ್ಸ್‌ಆರ್ ನೀತಿಯ ಗಮನವೂ ಅತ್ತಲೇ ಇದೆ.

ನಿಮ್ಮ ಜಿಲ್ಲೆಯಲ್ಲೇ ಬಾದಾಮಿ ಇದೆ. ಕ್ರಿ.ಶ. 578ರ ಶಾಸನವಿರುವ ಮೂರನೇ ಗುಹೆಯಲ್ಲಿ ಮಾಸಿದ ವರ್ಣಚಿತ್ರದ ಕುರುಹುಗಳಿವೆ. ಚಷ್ಮಾ ಹಾಕಿದವರಿಗೆ ಆ ಬಣ್ಣ ಮತ್ತೆ ಮೂಡಿದಂತೆ ತೋರಿಸಬೇಕು ಅಂತಿಟ್ಟುಕೊಳ್ಳಿ. ಮೊದಲ ತೊಡಕು ಕಪ್ಪು ಬಣ್ಣ. ಆಚೆ ಕಾಣುವ ಚಷ್ಮಾ ಬೆಳಕನ್ನು ಕೂಡಿಸಬಲ್ಲದು, ಕಳೆಯಲಾರದು. ಕಪ್ಪು ಗೆರೆ ಬರೆದರೆ ಅಲ್ಲಿ ಬರೀ ಕಲ್ಲೇ ಕಾಣುತ್ತದೆ. ಕೆಂಪು ಕಲ್ಲಿನ ಮೇಲೆ ಹಸಿರು ಹಾಕಿದರೆ ಹಳದಿಯತ್ತ ಹೊರಳುತ್ತದೆ. ಕಲ್ಲಿನ ಬಣ್ಣ ಅಳೆದು, ಅದನ್ನು ಲೆಕ್ಕಕ್ಕೆ ಹಿಡಿದು ಬಣ್ಣ ತಿದ್ದುವ ಪ್ರಾಜೆಕ್ಟ್ ಒಂದು ಮಾಡಿ. 3ಡಿ ಚಿತ್ರ ಮಾಡುವ ಬ್ಲೆಂಡರ್, ಗೇಮ್ ಕಟ್ಟುವ ಯೂನಿಟಿ ಕಲಿಯಲು ಮನೆಯ ಕಂಪ್ಯೂಟರೇ ಸಾಕು. ಗುಹೆಯಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ.

ಪ್ರಶ್ನೆ: ನಮ್ಮ ತಮ್ಮ ದುಬೈದಿಂದ ವಿಆರ್ ಹೆಡ್‌ಸೆಟ್ ತಂದಾನ್ರಿ. ಮಗನಿಗೆ ಎಂಟು ವರ್ಷ, ಬಿಡವಲ್ಲ. ಕೊಡಬಹುದೇನ್ರಿ? ವಿಜಯಪುರದಿಂದ ಒಬ್ಬ ತಾಯಿ.

ಉತ್ತರ: ಸದ್ಯ ಬೇಡ ತಾಯಿ. ಮೆಟಾ ತನ್ನ ಹೆಡ್‌ಸೆಟ್ಟಿಗೆ ಇಟ್ಟಿರುವ ಕನಿಷ್ಠ ವಯಸ್ಸು 10, ಅದೂ ಹೆತ್ತವರ ಹಿಡಿತದಲ್ಲಿರುವ ಖಾತೆಯಲ್ಲಿ, ಸೋನಿಯದು 12. ಅದರಲ್ಲಿ ಹತ್ತಿರದ್ದನ್ನು ನೋಡುವಾಗ ಕಣ್ಣುಗುಡ್ಡೆಗಳು ಒಳಗೆ ಹೊರಳುತ್ತವೆ, ಫೋಕಸ್ ಮಾತ್ರ ಒಂದೇ ದೂರದಲ್ಲಿ ನಿಂತಿರುತ್ತದೆ. ಆ ಜಗ್ಗಾಟಕ್ಕೆ ದೊಡ್ಡವರಿಗೇ ತಲೆ ಸುತ್ತುತ್ತದೆ. ಮೇಲಾಗಿ ಅಷ್ಟು ಚಿಕ್ಕ ಮಕ್ಕಳ ಎರಡು ಕಣ್ಣಿನ ಅಂತರಕ್ಕೆ ಅದರ ಗಾಜು ಹೊಂದುವುದೇ ಕಷ್ಟ. ಕಂಪನಿ ಹೇಳಿದ ವಯಸ್ಸು ತುಂಬಿದ ಮೇಲೆ ಕೂತುಕೊಂಡು ಹತ್ತು-ಹದಿನೈದು ನಿಮಿಷ ಆಡಲಿ, ವಾಕರಿಕೆ ಅಂದ ಕೂಡಲೇ ತೆಗೆಸಿ.

ಇನ್ನೊಂದು ಮಾತು, ಇದನ್ನು ತಮ್ಮನಿಗೂ ಹೇಳಿ. ನಿಮ್ಮೂರ ಬಿಸಿಲಿನಲ್ಲಿ ಅದನ್ನು ಮಾಳಿಗೆ ಮೇಲೆ, ಕಿಟಕಿ ಹತ್ತಿರ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಗಾಜು ಮೇಲೆ ಮಾಡಿ ಇಡಬಾರದು. ಒಳಗಿರುವುದು ಭೂತಗನ್ನಡಿ. ಸ್ವಲ್ಪ ಹೊತ್ತಿನ ನೇರ ಬಿಸಿಲಿಗೂ ಪರದೆ ಸುಟ್ಟು ಕಲೆಯಾಗುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಆಡಿದ ಮೇಲೆ ಗಾಜಿಗೆ ದಪ್ಪ ಬಟ್ಟೆ ಮುಚ್ಚಿ ಕಪಾಟಿನೊಳಗೆ ಇಡಿ.