ನೀವು ಕೇಳಿದಿರಿ: ಕೋರ್ಟು ಕಾಲಂನಲ್ಲಿ ಸಿಕ್ಕ ಹೆಂಗಸು

ಪ್ರಶ್ನೆ: ನಾನಿರೋದು ಆಕ್ಲೆಂಡ್‌ನಲ್ಲಿ. ಇಲ್ಲಿಗೆ ಹತ್ತಿರದಲ್ಲಿ ಬಾಂಬೆ ಅಂತಲೇ ಒಂದು ಊರಿದೆ. ಹೆಸರು ನೋಡಿ ಸುಮ್ನೆ ಕೆದಕಿದೆ. 1943ರಲ್ಲಿ ಅಲ್ಲಿ ತೀರಿಕೊಂಡ ಏಮಿ ಬಾಕ್ ಎಂಬ ಹೆಂಗಸಿನ ಕಥೆ ಸಿಕ್ಕಿತು. ಗಂಡಸಿನ ವೇಷ ಹಾಕಿ ಒಬ್ಬ ಹುಡುಗಿಯನ್ನು ಮದುವೆಯಾದವಳು! ಅವಳ ಬಗ್ಗೆ ಕನ್ನಡದಲ್ಲಿ ಬರೆಯುವ ಆಸೆ. ಆದರೆ ಕೈಗೆ ಸಿಗುವುದೆಲ್ಲ ಹಳೇ ಪೇಪರ್‌ಗಳ ಕ್ರೈಮ್ ಸುದ್ದಿ. ನಂಬಬಹುದಾ?
– ಒಬ್ಬ ಓದುಗ, ಆಕ್ಲೆಂಡ್

ಉತ್ತರ: ನಂಬಿ, ಆದರೆ ಅರ್ಧ. ಯಾವ ಅರ್ಧ ಅಂತ ಹೇಳ್ತೇನೆ.

ಇಪ್ಪತ್ತು ವರ್ಷ ನಾನು ಕೋರ್ಟು ವರದಿ ಮಾಡಿದವಳು. ಒಮ್ಮೆ ಬೆಳ್ಳಿ ಲೋಟ ಕದ್ದ ಮನೆಗೆಲಸದವಳ ಬಗ್ಗೆ ಆರು ಸಾಲು ಬರೆದು ಕೊಟ್ಟೆ. ಬೆಳಿಗ್ಗೆ ನೋಡಿದರೆ ಅವಳು ‘ಖತರ್ನಾಕ್ ಕಳ್ಳಿ’ ಆಗಿದ್ದಳು. ಆ ಪದ ನನ್ನದಲ್ಲ, ಡೆಸ್ಕ್‌ನವರದು. ಆದರೆ ಕಟಕಟೆಯಲ್ಲಿ ಅವಳು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಅದನ್ನು ನಾನೂ ಬರೆದಿರಲಿಲ್ಲ. ತಾರೀಕು, ಊರು, ಲೋಟದ ಬೆಲೆ, ಶಿಕ್ಷೆ ಎಲ್ಲ ಸರಿಯಾಗಿಯೇ ಇತ್ತು. ಅಷ್ಟನ್ನು ನಂಬಿ. ಬಣ್ಣದ ಮಾತನ್ನೆಲ್ಲ ಪೆನ್ಸಿಲ್‌ನಲ್ಲಿ ಹೊಡೆದುಹಾಕಿ.

ಏಮಿಯ ವಿಷಯದಲ್ಲಿ ಹಾಗೆ ಮಾಡಿದರೆ ಉಳಿಯುವುದು ಇಷ್ಟು. 1859ರಲ್ಲಿ ಹೋಬಾರ್ಟ್‌ನಲ್ಲಿ ಹುಟ್ಟು, ಅಪ್ಪ ಫೋಟೋಗ್ರಾಫರ್. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಟೀಚರ್ ಆಗಿದ್ದಳು. 1884ರಲ್ಲಿ ನ್ಯೂಜಿಲೆಂಡ್‌ಗೆ ಬಂದಳು. ಆಮೇಲೆ ಮನೆಪಾಠ, ಅಡುಗೆ ಕೆಲಸ, ಮೋಸ, ಜೈಲು, ಮತ್ತೆ ಹೊಸ ಹೆಸರು, ಹೊಸ ಊರು. 1909ರಲ್ಲಿ ಪರ್ಸಿ ರೆಡ್‌ವುಡ್ ಎಂಬ ಶ್ರೀಮಂತ ಕುರಿ ಸಾಕಣೆದಾರನಾಗಿ ದಕ್ಷಿಣದ ಕರಾವಳಿಗೆ ಹೋಗಿ, ಏಪ್ರಿಲ್ 21ರಂದು ಬೋರ್ಡಿಂಗ್ ಹೌಸ್ ನಡೆಸುತ್ತಿದ್ದವರ ಮಗಳ ಕೈ ಹಿಡಿದಳು. ಆಗ ಏಮಿಗೆ 49 ವರ್ಷ. ನಾಲ್ಕೇ ದಿನದಲ್ಲಿ ಅರೆಸ್ಟ್. ಮೇ ತಿಂಗಳಲ್ಲಿ ಡನೀಡನ್ ಕೋರ್ಟು ಅವಳನ್ನು ‘ರೂಢಿಯ ಅಪರಾಧಿ’ ಎಂದು ಘೋಷಿಸಿತು. ಅಂದರೆ ಶಿಕ್ಷೆ ಮುಗಿದರೂ ಬಿಡುಗಡೆಗೆ ಇಂಥ ದಿನ ಅಂತ ಇಲ್ಲ. ಜೂನ್‌ನಲ್ಲಿ ಮದುವೆಯೂ ರದ್ದಾಯಿತು. (ಆ ಹುಡುಗಿಯ ಹೆಸರು ಪೇಪರ್‌ಗಳಲ್ಲಿ ಬೇಕಾದಷ್ಟು ಸಲ ಬಂದಿದೆ. ನಾನು ಮತ್ತೊಂದು ಸಲ ಸೇರಿಸುವುದಿಲ್ಲ.)

ಈಗ ಹುಡುಕುವ ದಾರಿ. ನ್ಯೂಜಿಲೆಂಡ್‌ನ ರಾಷ್ಟ್ರೀಯ ಗ್ರಂಥಾಲಯದ ಪೇಪರ್ಸ್ ಪಾಸ್ಟ್ ಎಂಬ ವೆಬ್‌ಸೈಟ್‌ನಲ್ಲಿ ಹಳೇ ಪೇಪರ್‌ಗಳು ಪುಕ್ಕಟೆ ಓದಲು ಸಿಗುತ್ತವೆ. ‘ಬಾಕ್’ (Bock) ಅಂತ ಮಾತ್ರ ಹುಡುಕಬೇಡಿ. ಮಾಸಿದ ಅಕ್ಷರವನ್ನು ಕಂಪ್ಯೂಟರ್ ‘ಬುಕ್’ (Book), ‘ರಾಕ್’ (Rock) ಅಂತಲೂ ಓದಿರಬಹುದು. ಅವಳ ಸುಳ್ಳು ಹೆಸರುಗಳಲ್ಲೂ ಹುಡುಕಿ. ಆಗ್ನೆಸ್ ವ್ಯಾಲೆನ್ಸ್ ಆಗಿ ಡನೀಡನ್‌ನಲ್ಲಿ ಮನೆಗೆಲಸಕ್ಕಿದ್ದಾಗ ಯಜಮಾನರ ಪೀಠೋಪಕರಣವನ್ನೇ ಅಡವಿಟ್ಟಿದ್ದಳು.

ಇನ್ನೊಂದು ಮಾತು, ಇದರಲ್ಲಿ ಜಾಸ್ತಿ ಜನ ಎಡವುತ್ತಾರೆ. ಹತ್ತು ಪೇಪರ್‌ನಲ್ಲಿ ಒಂದೇ ವಿಷಯ ಸಿಕ್ಕರೆ ಹತ್ತು ಸಾಕ್ಷಿ ಸಿಕ್ಕಿತು ಅಂದುಕೊಳ್ಳಬೇಡಿ. ಆಗ ಸುದ್ದಿ ತಂತಿಯಲ್ಲಿ ಬರುತ್ತಿತ್ತು, ಊರೂರಿನ ಪೇಪರ್ ಅದನ್ನೇ ಅಚ್ಚು ಹಾಕುತ್ತಿತ್ತು. ಹತ್ತನ್ನೂ ಪಕ್ಕಪಕ್ಕ ಇಟ್ಟು ಓದಿ. ವಾಕ್ಯ ಅದೇ ಇದ್ದರೆ ಅದು ಒಂದೇ ಲೆಕ್ಕ. ಕೋರ್ಟು ಇದ್ದ ಊರಿನ ಪೇಪರ್ ಹಿಡಿಯಿರಿ, ಉದಾಹರಣೆಗೆ ಡನೀಡನ್‌ನ ಒಟಾಗೊ ಡೈಲಿ ಟೈಮ್ಸ್. ಅವರ ವರದಿಗಾರ ಒಳಗೆ ಕೂತು ಕೇಳಿರುವ ಸಾಧ್ಯತೆ ಹೆಚ್ಚು.

ಆಮೇಲೆ, ನಿಮ್ಮ ಕಥೆಗೆ ಬೇಕಾದ ಮುಖ್ಯ ಸಂಗತಿ ಕ್ರೈಮ್ ಕಾಲಂನ ಆಚೆ ಇದೆ. ಏಮಿಯ ಅಮ್ಮನನ್ನು ಹುಚ್ಚಾಸ್ಪತ್ರೆಗೆ ಸೇರಿಸಿದ್ದರು. ತಾನು ಶೇಕ್ಸ್‌ಪಿಯರ್ ನಾಟಕದ ಲೇಡಿ ಮ್ಯಾಕ್‌ಬೆತ್ ಅಂತಲೇ ಆಕೆ ನಂಬಿದ್ದಳಂತೆ. 1875ರಲ್ಲಿ ಅವಳು ತೀರಿಕೊಂಡಾಗ ಮಗಳಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಕದ್ದವಳ ಸುದ್ದಿಯಲ್ಲಿ ಇಂಥದ್ದಕ್ಕೆ ಜಾಗ ಎಲ್ಲಿ ಅಲ್ವಾ? ಹಾಗಂತ ಅಮ್ಮನಿಂದಲೇ ಮಗಳು ಹೀಗಾದಳು ಅಂತ ತೀರ್ಪು ಕೊಡಬೇಡಿ. ಎರಡನ್ನೂ ಹೇಳಿ, ಬಿಡಿ.

ಕೊನೆಗೆ ಒಂದು ಪಟ್ಟಿ ಮಾಡಿ. ಎಡಕ್ಕೆ ಕೋರ್ಟಿಗೆ ಬಂದ ದಿನಗಳು, ಬಲಕ್ಕೆ ನಡುವಿನ ಖಾಲಿ ವರ್ಷಗಳು. 1914ರಲ್ಲಿ ಚಾರ್ಲ್ಸ್ ಕ್ರಿಸ್ಟಫರ್‌ಸನ್ ಎಂಬವನನ್ನು ಮದುವೆಯಾದಳು. ಈ ಸಲ ವಧುವಾಗಿ. ಬಾಳಲಿಲ್ಲ ಅನ್ನಿ. ಕಟಕಟೆಯಲ್ಲಿ ಕೊನೇ ಸಲ ನಿಂತದ್ದು 1931ರಲ್ಲಿ, ಹ್ಯಾಮಿಲ್ಟನ್‌ನಲ್ಲಿ, ಎಪ್ಪತ್ತು ದಾಟಿದ ಮೇಲೆ. ನಡುವೆ ಹದಿನೇಳು ವರ್ಷ. ಆ ವರ್ಷಗಳಿಗೆ ಕೋರ್ಟಿನ ಪುಟ ಮುಚ್ಚಿ, ಊರ ಸುದ್ದಿ, ಶಾಲೆ ಸಮಾರಂಭ, ಸಂಗೀತ ಕಾರ್ಯಕ್ರಮದ ಪುಟ ತೆಗೆಯಿರಿ. ಗಂಡನ ಹೆಸರಲ್ಲೂ ಹುಡುಕಿ. ಏನಾದರೂ ಸಿಕ್ಕರೆ ನನಗೂ ಒಂದು ಸಾಲು ಬರೀರಿ.