ಡೊಂಬಿವಲಿಯಲ್ಲಿ ಕ್ಲೀನಿಂಗ್ ಕಂಪನಿ ಆರಂಭಿಸಿದ್ದೇನೆ. ಕಚೇರಿಗೆ ಬರುವ ಗ್ರಾಹಕರಲ್ಲಿ ಮೊದಲ ನೋಟಕ್ಕೇ ವಿಶ್ವಾಸ ಮೂಡಿಸುವುದು ಹೇಗೆ?

ಗುತ್ತಿಗೆಯ ಮಾತುಕತೆಗೆ ಬರುವ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಗಳು ನಿಮ್ಮ ದರಪಟ್ಟಿಯನ್ನು ಕೈಗೆತ್ತಿಕೊಳ್ಳುವ ಮೊದಲೇ ನೆಲ, ಗಾಜಿನ ಬಾಗಿಲು ಮತ್ತು ಶೌಚಾಲಯವನ್ನು ಗಮನಿಸಿರುತ್ತಾರೆ. ಆದ್ದರಿಂದ ಹೊಸ ಸೋಫಾಕ್ಕೆ ಹಣ ಹಾಕುವ ಮೊದಲು ಇವುಗಳನ್ನು ದಿನವೂ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ.

ಮುಂಬಯಿ ಸುತ್ತಮುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವೇ ನಿಜವಾದ ಪರೀಕ್ಷೆ. ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಕಾಣಿಸಿದರೆ ಮೊದಲು ನೀರು ಸೋರುವುದನ್ನು ನಿಲ್ಲಿಸಬೇಕು, ಏಕೆಂದರೆ ತೇವ ಉಳಿದಿರುವಾಗ ಮೇಲೆ ಬಣ್ಣ ಬಳಿದರೆ ಅದು ಮತ್ತೆ ಹಬ್ಬುತ್ತದೆ. ಮಾಪ್‌ಗಳನ್ನು ಬಕೆಟ್ಟಿನಲ್ಲೇ ಬಿಡದೆ, ಹಿಂಡಿ, ಗಾಳಿಯಾಡುವಲ್ಲಿ ತೂಗುಹಾಕಿ; ಮುಗ್ಗಲು ವಾಸನೆಯನ್ನು ಫಿನಾಯಿಲಿನ ಘಾಟಿನಿಂದ ಮುಚ್ಚಲು ಹೋದರೆ ಸಂಶಯ ಹೆಚ್ಚುತ್ತದೆ.

ನನ್ನ ಅಭಿಪ್ರಾಯದಲ್ಲಿ ಅತ್ಯಂತ ಮುಖ್ಯವಾದದ್ದು ಸಾಮಗ್ರಿಗಳ ಕೋಣೆ. ಅದನ್ನು ಗ್ರಾಹಕರಿಗೆ ಧೈರ್ಯವಾಗಿ ತೋರಿಸುವಂತಿರಬೇಕು: ಶೌಚಾಲಯದ ಬಟ್ಟೆಗಳಿಗೆ ಕೆಂಪು, ಅಡುಗೆಮನೆಯವಕ್ಕೆ ಹಸಿರು ಎಂಬಂತೆ ಬಣ್ಣ ಗೊತ್ತುಮಾಡಿ. ಆಸಿಡ್ ಮತ್ತು ಬ್ಲೀಚ್ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುವುದರಿಂದ ಅವನ್ನು ಬೇರೆ ಬೇರೆ ಕಪಾಟುಗಳಲ್ಲಿಟ್ಟು ಚೀಟಿ ಅಂಟಿಸಿ. ತಂಪುಪಾನೀಯದ ಹಳೆಯ ಬಾಟಲಿಗಳಲ್ಲಿ ಯಾವ ದ್ರಾವಣವನ್ನೂ ತುಂಬಿಡಬೇಡಿ.