ಸಂಬಳ ಬರೆದಿದ್ದೀರಿ, ಗಂಟೆ ಲೆಕ್ಕ ಹಾಕಿಲ್ಲ

ನಮಸ್ಕಾರ. ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಹಾಕುತ್ತೇನೆ.

ನಿಮ್ಮ ತಮ್ಮನ ಸಂಬಳ 12,480 ರೂಪಾಯಿಯಿಂದ 2024ರಲ್ಲಿ 15,600ಕ್ಕೆ ಏರಿತು, ಕೋಲಾರದ ಹುಡುಗರ ಕೂಲಿ ಕಾಲು ಪಾಲು ಜಾಸ್ತಿಯಾಯಿತು ಎಂದು ಬರೆದಿದ್ದೀರಿ. ಆದರೆ ಮೂರನೇ ಪುಟದಲ್ಲಿ ಇನ್ನೊಂದು ಮಾತಿದೆ. ಮೊದಲು ದಿನಕ್ಕೆ 8 ಗಂಟೆ ಇದ್ದ ಕೆಲಸ ಈಗ ಊಟದ ಬಿಡುವು ಬಿಟ್ಟು 12 ಗಂಟೆ. ಇದನ್ನು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು, ಅಲ್ವಾ? ತಿಂಗಳಿಗೆ 26 ದಿನ ಎಂದು ಭಾಗಿಸಿ ನೋಡಿದೆ. ಮೊದಲು ಗಂಟೆಗೆ 60 ರೂಪಾಯಿ ಸಿಗುತ್ತಿತ್ತು. ಈಗ 50.

ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಎರಡರಷ್ಟು ದರ ಕೊಡಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅವನ ಓಟಿ, ಅಂದರೆ ಹೆಚ್ಚುವರಿ ದುಡಿಮೆ, ದಿನಕ್ಕೆ 4 ಗಂಟೆಯಂತೆ ತಿಂಗಳಿಗೆ 104 ಗಂಟೆ. ಹಳೆಯ 60 ರೂಪಾಯಿ ಹಿಡಿದರೂ ಓಟಿಗೇ 12,480 ಬರಬೇಕಿತ್ತು. ಹಳೆಯ ಸಂಬಳವೂ ಸೇರಿ ಒಟ್ಟು 24,960. ಕರ್ನಾಟಕ 2023ರಲ್ಲಿ ಕಾಯ್ದೆ ತಿದ್ದಿ, ಮೂರು ತಿಂಗಳ ಓಟಿ ಮಿತಿಯನ್ನು 75ರಿಂದ 144 ಗಂಟೆಗೆ ಏರಿಸಿತು. ನಿಮ್ಮ ತಮ್ಮ ಮೂರು ತಿಂಗಳಿಗೆ 312 ಗಂಟೆ ಓಟಿ ಮಾಡಿದ್ದಾನೆ! ನಿಮ್ಮ ಲೇಖನ ಇಲ್ಲಿದೆ.

ನನಗೆ ಇದು ಯಾಕೆ ತಟ್ಟಿತು ಎಂದರೆ, ನಮ್ಮಮ್ಮ ತುಮಕೂರಿನಲ್ಲಿ ಬೀಡಿ ಕಟ್ಟುತ್ತಿದ್ದರು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಎಷ್ಟು ಗಂಟೆ ಕೂತರು ಎಂದು ಯಾರೂ ಬರೆದಿಡಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ಎರಡು ಪುಟದ ಬೇಡಿಕೆ-ಪೂರೈಕೆ ಪಾಠ ತೆಗೆದುಬಿಡಿ. ಸಂಶೋಧನೆ ಬೇಕಿದ್ದರೆ ಅರ್ಥಶಾಸ್ತ್ರಜ್ಞ ಜಾನ್ ಪೆನ್ಕವೆಲ್ ಅವರದ್ದು ನೋಡಿ. ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ಲೆಕ್ಕವನ್ನು ಅವರು ಬಿಡಿಸಿದ್ದಾರೆ. ದುಡಿಮೆ ವಾರಕ್ಕೆ ಸುಮಾರು 50 ಗಂಟೆ ದಾಟಿದ ಮೇಲೆ, ಹೆಚ್ಚಿಗೆ ದುಡಿದ ಪ್ರತಿ ಗಂಟೆಯ ಫಲ ಕಡಿಮೆಯಾಗುತ್ತಾ ಹೋಗಿತ್ತು. ನಿಮ್ಮ ತಮ್ಮನದು 72.

ಇನ್ನು ನಾಲ್ಕೈದು ಹುಡುಗರನ್ನು ಮಾತಾಡಿಸಿ. 'ದಿನಕ್ಕೆ ಎಷ್ಟು ಗಂಟೆ?' ಎಂದು ಒಟ್ಟಾರೆ ಕೇಳಬೇಡಿ. ಸೋಮವಾರ ಎಷ್ಟು, ಮಂಗಳವಾರ ಎಷ್ಟು ಎಂದು ಕಳೆದ ವಾರದ್ದನ್ನು ಒಂದೊಂದೇ ದಿನ ಕೇಳಿ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯವರೂ ಹೀಗೇ ಕೇಳುತ್ತಾರೆ. ಮುಳಬಾಗಿಲು ಕಡೆಯಿಂದ ಬರುವವರ ಬಸ್ಸಿನ ಹೊತ್ತನ್ನು ಬೇರೆ ಬರೆದುಕೊಳ್ಳಿ.

ಭಾನುವಾರ ಊಟಕ್ಕೆ ಎಬ್ಬಿಸಿದರೂ ತಮ್ಮ ಏಳುವುದಿಲ್ಲ ಎಂದು ಕೊನೆಯಲ್ಲಿ ಬರೆದಿದ್ದೀರಿ. ಅದರಿಂದಲೇ ಶುರು ಮಾಡಿ. ಅವನ ಹೆಸರು, ಕಂಪನಿಯ ಹೆಸರು ಎರಡೂ ಬೇಡ. ಅವನ ಕೆಲಸಕ್ಕೆ ತೊಂದರೆ ಆಗಬಾರದು. ಮುಂದಿನ ತಿಂಗಳ 10ರೊಳಗೆ ಕಳಿಸಿ, ಜಾಗ ಇಟ್ಟಿರುತ್ತೇನೆ.